ಎಮಿಲ್ ಕಟ್ಟಿದ ಹಗ್ಗ

ಅಯೋವಾದ ಆ ಪುಟ್ಟ ಊರಿನಲ್ಲಿ, ಕಾಲೇಜು ಮೈದಾನದ ಸುತ್ತ ಕಟ್ಟಿದ ಹಗ್ಗವನ್ನು ಯಾರೂ ದಾಟುತ್ತಿರಲಿಲ್ಲ. ಅಂಗಡಿಗೆ ಬೀಗ ಜಡಿದು ಸಂಜೆಯ ಫುಟ್‌ಬಾಲ್ ಅಭ್ಯಾಸ ನೋಡಲು ಬರಬಹುದು, ಸೇಬು ಕಚ್ಚುತ್ತ ಬಾಯಿಗೆ ಬಂದಂತೆ ಕೂಗಬಹುದು. ಹಗ್ಗದ ಒಳಗೆ ಮಾತ್ರ ಕೋಚ್ ಟುಲಿಯದೇ ದರ್ಬಾರು. ಪ್ರತಿ ವರ್ಷ ಆ ಹಗ್ಗ ಕಟ್ಟುತ್ತಿದ್ದವನು ಕಮ್ಮಾರ ಎಮಿಲ್ ಬ್ರೆಮರ್. ಹೋದ ವರ್ಷ ತಮ್ಮ ಮಗನ ಮೂಗಿನಲ್ಲಿ ರಕ್ತ ಸುರಿಯಿತೆಂದು ಒಳಗೆ ನುಗ್ಗಿದ ಪಾದ್ರಿಗಳನ್ನೇ ಅವನು ಕಾಲರ್ ಹಿಡಿದು ಆಚೆ ಎಳೆದು ತಂದಿದ್ದ. ಊರೆಲ್ಲ ಚಪ್ಪಾಳೆ ತಟ್ಟಿತ್ತು. ಆ ಚಪ್ಪಾಳೆಗೆ ಎಮಿಲ್ ವಾರಗಟ್ಟಲೆ ಬೀಗಿದ್ದ, ಪುಣ್ಯಾತ್ಮ.

ಇವತ್ತು ಅವನ ಮಗ ವೆಂಡೆಲ್ ಚೆಂಡನ್ನು ಎದೆಗವಚಿಕೊಂಡು ಓಡಿದ. ಎದುರಿನಿಂದ ಇಬ್ಬರು ಬಂದು ಗುದ್ದಿದರು. ತಲೆಗೆ ಹಾಕಿದ್ದ ಚರ್ಮದ ಟೋಪಿ ಹಾರಿ ಹಗ್ಗದ ಹತ್ತಿರ ಬಿತ್ತು. ವೆಂಡೆಲ್ ಏಳಲಿಲ್ಲ.

ಯಾರೋ ಘಾಟು ಮದ್ದಿನ ಸೀಸೆಯನ್ನು ಮೂಗಿಗೆ ಹಿಡಿದರು. ಹುಡುಗ ಎದ್ದು, ತೂರಾಡುತ್ತ ಎದುರು ತಂಡದ ಸಾಲಿಗೆ ಹೋಗಿ ನಿಂತ. ಜನ ಬಿದ್ದು ಬಿದ್ದು ನಕ್ಕರು.

"ಲೋ ಎಮಿಲ್, ನಿನ್ ಮಗ ಪಾರ್ಟಿ ಬದಲಾಯಿಸ್ಬಿಟ್ನಲ್ಲೋ!" ಎಂದ ಪಕ್ಕದಲ್ಲಿದ್ದ ಕಟುಕ ಗಸ್.

"ಬ್ರೆಮರ್ ತಲೆ ಕಣೋ ಅದು. ಸುತ್ತಿಗೇನೇ ಮುರೀಬೇಕು," ಎಂದ ಎಮಿಲ್. ಹಾಗೆಂದನೇ ಹೊರತು ಮಗನ ಮೇಲಿಟ್ಟ ಕಣ್ಣು ಕದಲಿಸಲಿಲ್ಲ.

"ಇನ್ನೊಂದ್ಸಲ! ಅದೇ ಆಟ!" ಟುಲಿ ಕೂಗಿದ.

ಟೋಪಿ ಎತ್ತಿಕೊಳ್ಳಲು ವೆಂಡೆಲ್ ಹಗ್ಗದ ಬಳಿ ಬಂದ. ಅವನ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು.

"ತಲೆ ಸುತ್ತುತ್ತೇನೋ ಮಗಾ?"

"ಇಲ್ಲಪ್ಪ." ವೆಂಡೆಲ್ ನಕ್ಕು ಜನರತ್ತ ನೋಡಿದ. "ಅಮ್ಮ ಎಲ್ಲಿ? ಊಟಕ್ಕೆ ಸ್ವಲ್ಪ ಲೇಟಾಗುತ್ತೆ ಅಂತ ಹೇಳು."

ಅಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನೇ ಅವನು. ಎಮಿಲ್ ಹಗ್ಗದ ಮೇಲೆ ಬಾಗಿದ.

"ಹೋಗ್ಬೇಡ. ಇಲ್ಲೇ ಕೂತ್ಕೊ. ಮಗಾ, ನನ್ ಮಾತು ಕೇಳು!"

ಟುಲಿ ಸೀಟಿ ಊದಿದ. ವೆಂಡೆಲ್ ಕೋಚ್ ಹೇಳಿದಂತೆ ಕೇಳುವ ಹುಡುಗ, ತಿರುಗಿ ನಡೆದೇಬಿಟ್ಟ.

ಎಮಿಲ್ ಹಗ್ಗದಡಿ ನುಸುಳಿದ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಗಸ್‌ನ ಕೈ ಅವನ ಕಾಲರ್‌ಗೆ ಬಿತ್ತು.

"ನೀನೇ ಕಟ್ಟಿದ ಹಗ್ಗ ಮಾರಾಯಾ, ನೀನೇ ದಾಟ್ತೀಯಾ?" ನಗುತ್ತ ಎಳೆದ ಗಸ್. ಇನ್ನಿಬ್ಬರು ತೋಳು ಹಿಡಿದರು.

"ಬಿಡ್ರೋ! ಅವನಿಗೆ ಅವರಮ್ಮ ಸತ್ತಿದ್ದೇ ನೆನಪಿಲ್ಲ ಕಣ್ರೋ!"

ಅದು ಯಾರಿಗೂ ಕೇಳಿಸಲಿಲ್ಲ. ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು, ಪಾದ್ರಿಗಳೊಬ್ಬರನ್ನು ಬಿಟ್ಟು. ಅತ್ತ ವೆಂಡೆಲ್ ಚೆಂಡನ್ನು ಎದೆಗವಚಿಕೊಂಡು ಓಡತೊಡಗಿದ್ದ.