ಫೋನಮ್ಮ ಮಾತು ಬಿಟ್ಟ ದಿನ

ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಜೀವಮಾನವಿಡೀ ಮಾತಾಡಿದವರು ಆಕೆ. ಡಾಕ್ಟರುಗಳಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಫೋನಮ್ಮ. ನಿವೃತ್ತಿಯಾದ ಮೇಲೆ ಬೋರ್ಡು ಹೋಯಿತು, ಮಾತು ಉಳಿಯಿತು.

ಅಂಥವರಿಗೆ ಸಿಕ್ಕಿದ ಅಳಿಯನೋ, ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎನ್ನುವ ಪೈಕಿ. ಲಿಫ್ಟ್ ರಿಪೇರಿ ಮಾಡುವವನು. ಮದುವೆಯಾಗಿ ಎಂಟು ತಿಂಗಳಾದರೂ ಅತ್ತೆಯ ಮುಂದೆ ಅವನದು ‘ಹೂಂ’, ‘ಊಹೂಂ’, ‘ಸಾಕು ಅತ್ತೆ’ ಇಷ್ಟೇ. ತನ್ನನ್ನು ಕಂಡರೆ ಇವನಿಗೆ ಆಗುವುದಿಲ್ಲ ಎಂದು ಫೋನಮ್ಮ ತೀರ್ಮಾನಿಸಿಬಿಟ್ಟಿದ್ದರು.

ಭಾನುವಾರ ಬಂತೆಂದರೆ ಅಳಿಯ ದುರ್ಬೀನು ಕೊರಳಿಗೆ ಹಾಕಿಕೊಂಡು ಹಕ್ಕಿ ನೋಡಲು ಹೊರಡುತ್ತಿದ್ದ. ಜೊತೆಗೆ ಮಗಳು. ಆ ಭಾನುವಾರ ಮಾತ್ರ ಮಗಳು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಇನ್ನೊಬ್ಬಳು ರಜೆ ಹಾಕಿ, ಬೆಳಿಗ್ಗೆ ಬೆಳಿಗ್ಗೆಯೇ ಇವಳಿಗೆ ಕರೆ ಬಂತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ, ಫ್ಲಾಸ್ಕಿನ ತುಂಬ ಚಹಾ ಎಲ್ಲ ಕಟ್ಟಿ ಆಗಿತ್ತು.

“ಅಮ್ಮಾ, ನೀನು ಹೋಗ್ಬಾ. ಮನೇಲಿ ಕೂತು ಏನು ಮಾಡ್ತೀಯ?” ಎಂದು ಮಗಳು ಚೀಲವನ್ನು ತಾಯಿಯ ಕೈಗೆ ತುರುಕಿ ಬಸ್ಸಿಗೆ ಓಡಿದಳು.

ಅತ್ತೆ ಅಳಿಯ ಮುಖ ಮುಖ ನೋಡಿಕೊಂಡರು. ಬೇಡ ಎನ್ನಲು ಇಬ್ಬರಿಗೂ ದಾಕ್ಷಿಣ್ಯ. ಹೊರಟೇ ಬಿಟ್ಟರು.

ದಾರಿಯುದ್ದಕ್ಕೂ ಫೋನಮ್ಮನದೇ ಮಾತು. ಹೆರಿಗೆ ವಾರ್ಡಿಗೆ ಬಂದ ಕರೆಯನ್ನು ಅಡುಗೆಮನೆಗೆ ಕೊಟ್ಟದ್ದು, ಅಡುಗೆಯವನು ‘ಇನ್ನೂ ಬೆಂದಿಲ್ಲ’ ಎಂದು ಹೇಳಿ ಅಪ್ಪನಾಗಲಿದ್ದವನು ಗಾಬರಿ ಬಿದ್ದದ್ದು, ಒಂದಾದ ಮೇಲೊಂದು. ಅಳಿಯ ‘ಹೂಂ’ ಎನ್ನುತ್ತ ಗಾಡಿ ಓಡಿಸಿದ.

ಜಲಾಶಯದ ಕಲ್ಲುಮೆಟ್ಟಿಲ ಮೇಲೆ ಇಬ್ಬರೂ ಕೂತಾಗ ಬಿಸಿಲು ಇನ್ನೂ ಎಳೆಯದು. ನೀರಿನ ಮೇಲೆ ಪುಟ್ಟ ಗುಳುಮುಳುಕ ಹಕ್ಕಿಯೊಂದು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತೇಲುತ್ತಿತ್ತು. ಅಳಿಯ ಉಸಿರು ಬಿಗಿಹಿಡಿದು ದುರ್ಬೀನು ಎತ್ತಿದ.

“ಅಯ್ಯೋ ನನ್ನ ಕಂದಮ್ಮಗಳಾ! ನೋಡ್ರೀ, ಎಷ್ಟು ಮುದ್ದಾಗಿದಾವೆ!” ಎಂದರು ಫೋನಮ್ಮ, ವಾರ್ಡಿನ ಆ ತುದಿಗೆ ಕೇಳಿಸುವ ದನಿಯಲ್ಲಿ.

ಗುಳುಂ! ತಾಯಿಯೂ ಇಲ್ಲ, ಮರಿಗಳೂ ಇಲ್ಲ. ಹೀಗೆ ಮೂರು ಸಲ ಆಯಿತು. ಮಿಂಚುಳ್ಳಿ ಹೋಯಿತು, ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳು ಎದ್ದು ಹೋದವು. ಅಳಿಯ ದುರ್ಬೀನು ಕೆಳಗಿಳಿಸಿದ.

“ಅತ್ತೆ... ತಪ್ಪು ತಿಳ್ಕೋಬೇಡಿ. ಹಕ್ಕಿ ಹತ್ರ ಇದ್ದಾಗ ಒಂಚೂರು...”

“ಬಾಯಿ ಮುಚ್ಕೊಂಡಿರ್ಬೇಕು, ಅಷ್ಟೇ ತಾನೆ? ಆಯ್ತು. ಇನ್ನು ತುಟಿ ಬಿಚ್ಚಿದ್ರೆ ಕೇಳಿ.”

ಅಳಿಯನ ಕಿವಿ ಕೆಂಪಾಯಿತು. ಫೋನಮ್ಮ ಮುಖ ಊದಿಸಿಕೊಂಡು ಗಾಡಿ ಹತ್ತಿದರು.

ಅಲ್ಲಿಂದ ಜೌಗುನೆಲದ ಕೊಳಗಳಿಗೆ. ಮೊಣಕಾಲುದ್ದದ ನೀರು, ಸುತ್ತ ಜೊಂಡು, ನಡುವೆ ನಡೆಯಲು ಮಣ್ಣಿನ ಏರಿ. ಮಾತು ನಿಂತ ಮೇಲೆ ಬೇರೆ ಸದ್ದುಗಳು ಕಿವಿಗೆ ಬೀಳತೊಡಗಿದವು. ಜೊಂಡಿನೊಳಗೆ ಯಾರೋ ಚಮಚೆಯಿಂದ ಲೋಟ ತಟ್ಟಿದಂತೆ ಒಂದು ದನಿ, ಅದಕ್ಕೆ ದೂರದಿಂದ ಇನ್ನೊಂದರ ಉತ್ತರ. ‘ಲೈನ್ ಸಿಕ್ತು’ ಎಂದುಕೊಂಡು ಫೋನಮ್ಮ ಒಳಗೊಳಗೇ ನಕ್ಕರು. ಆದರೆ ಆಡಿದ ಮಾತು ಆಡಿದ್ದೇ, ತುಟಿ ಪಿಟಕ್ಕೆನ್ನಲಿಲ್ಲ.

ಅಷ್ಟರಲ್ಲಿ ಅಳಿಯ ಗಾಡಿಯಿಂದ ತಂದು ನಿಲ್ಲಿಸಿದ್ದ ದೂರದರ್ಶಕದ ಮೂರುಕಾಲಿನ ಸ್ಟ್ಯಾಂಡು ಒಂದು ಕಡೆಗೆ ವಾಲಿತು. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ನೀರಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತ.

ಆಗಲೇ ಜೊಂಡಿನ ಮರೆಯಿಂದ ಉದ್ದಕಾಲಿನ ಬಿಳಿ ಹಕ್ಕಿಯೊಂದು ಹೊರಗೆ ಬಂತು. ಕಪ್ಪು ಕೊಕ್ಕು, ತುದಿಯಲ್ಲಿ ಸೌಟಿನ ಹಾಗೆ ಚಪ್ಪಟೆ. ಅದನ್ನು ನೀರಿಗಿಟ್ಟು, ತಳ ಹಿಡಿಯದ ಹಾಗೆ ಪಾತ್ರೆ ಕದಡುವವರಂತೆ ಆ ಕಡೆ ಈ ಕಡೆ ಆಡಿಸುತ್ತ ಅಳಿಯನ ಬೆನ್ನ ಹಿಂದೆಯೇ ಹಾದುಹೋಯಿತು. ಫೋನಮ್ಮನ ಗಂಟಲಲ್ಲಿ ಮಾತು ಬಂದು ನಿಂತಿತು. ಬೇಡ ಎಂದರಲ್ಲ, ಮತ್ತೇಕೆ? ಇವರು ಇಂಥವನ್ನು ಎಷ್ಟು ನೋಡಿರುತ್ತಾರೋ ಎಂದು ನುಂಗಿಕೊಂಡರು. ಹಕ್ಕಿ ಹಾರಿ ಆಚೆ ಕೊಳದ ಕಡೆ ಇಳಿಯಿತು. ಅಳಿಯ ಸ್ಕ್ರೂ ಬಿಗಿದು ಮೇಲೆದ್ದ.

ಮಧ್ಯಾಹ್ನ ಮರದ ನೆರಳಿನಲ್ಲಿ ಬ್ರೆಡ್ಡು ತಿನ್ನುವಾಗ ಅಳಿಯನೇ ಮೌನ ಮುರಿದ. “ನಾಲ್ಕು ವರ್ಷದಿಂದ ಒಂದು ಹಕ್ಕಿಗೋಸ್ಕರ ಇಲ್ಲಿಗೆ ಬರ್ತಿದೀನಿ ಅತ್ತೆ. ಚಮಚಕೊಕ್ಕು ಅಂತ. ಎಲ್ರಿಗೂ ಕಾಣುತ್ತೆ, ನನಗೊಬ್ನಿಗೆ ಇಲ್ಲ.”

ಫೋನಮ್ಮನ ಕೈಯಲ್ಲಿದ್ದ ಮೊಟ್ಟೆ ಅಲ್ಲೇ ನಿಂತಿತು. “ಬಿಳೀದಾ?”

“ಹೂಂ.”

“ಮೂತಿ ಸೌಟಿನ ಥರಾನಾ?”

ಅಳಿಯ ನಿಧಾನವಾಗಿ ಅವರತ್ತ ತಿರುಗಿದ. “ನಿಮಗೆ ಹೇಗೆ ಗೊತ್ತು?”

“ನೀವು ಸ್ಕ್ರೂ ತಿರುಗಿಸ್ತಾ ಕೂತಿದ್ರಲ್ಲ, ನಿಮ್ಮ ಬೆನ್ನ ಹಿಂದೇನೇ ಹೋಯ್ತು.”

“ಮತ್ತೆ ಹೇಳ್ಬಾರದಿತ್ತಾ ಅತ್ತೆ!”

“ಬಾಯಿ ತೆಗೀಬೇಡಿ ಅಂದೋರು ಯಾರು?”

ಅಳಿಯ ಅವರನ್ನೇ ಮಿಕಿಮಿಕಿ ನೋಡಿದ. ಆಮೇಲೆ ನಕ್ಕ ನೋಡಿ, ಬ್ರೆಡ್ಡು ಕೈಯಿಂದ ಬಿದ್ದರೂ ಲೆಕ್ಕಿಸದೆ, ಮರಕ್ಕೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಇವನಿಗೆ ಹೀಗೆ ನಗಲು ಬರುತ್ತದೆ ಎಂದೇ ಫೋನಮ್ಮನಿಗೆ ಗೊತ್ತಿರಲಿಲ್ಲ. ಅವರಿಗೂ ತಡೆಯಲಾಗಲಿಲ್ಲ.

“ಏಳಿ, ಏಳಿ. ಯಾವ ಕಡೆ ಇಳೀತು ಅಂತ ನೋಡಿದೀನಿ” ಎಂದು ಆಕೆಯೇ ಮುಂದೆ ಹೊರಟರು.

ಆಚೆ ಕೊಳದ ನಡುವಿನ ಮಣ್ಣುದಿಬ್ಬದ ಮೇಲೆ ಒಂಟಿ ಕಾಲಲ್ಲಿ ಒಂದು ಬಿಳಿ ಹಕ್ಕಿ ನಿಂತಿತ್ತು. ಕೊಕ್ಕನ್ನು ರೆಕ್ಕೆಯೊಳಗೆ ಹುದುಗಿಸಿ ಗಡದ್ದು ನಿದ್ದೆ. ಅದೇ ಹೌದೋ ಅಲ್ಲವೋ, ಕೊಕ್ಕು ಕಾಣದೆ ಹೇಳುವುದು ಹೇಗೆ? ಇಬ್ಬರೂ ಏರಿಯ ಹುಲ್ಲಿನ ಮೇಲೆ ಕೂತರು. ಬಿಸಿಲು ಓರೆಯಾಯಿತು. ಹಕ್ಕಿ ಏಳಲಿಲ್ಲ.

ಅಳಿಯ ಪಿಸುದನಿಯಲ್ಲಿ, “ನನಗೆ ನಿಮ್ಮ ಹತ್ರ ಮಾತಾಡ್ಬಾರದು ಅಂತೇನಿಲ್ಲ ಅತ್ತೆ. ನಾನು ಒಂದು ಮಾತು ಹುಡುಕೋ ಹೊತ್ತಿಗೆ ನೀವು ಹತ್ತು ಆಡಿರ್ತೀರ” ಎಂದ.

“ಹಂಗಾದ್ರೆ ಈಗ ಹುಡುಕಿ. ನಾನು ಸುಮ್ನಿರ್ತೀನಿ.”

ಅವನು ಹುಡುಕಿದ. ಕೆಟ್ಟುನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದವರ ಸಂಗತಿ ಹೇಳಿದ. ಬಾಗಿಲ ಸಂದಿಯಿಂದ ತಾನು ಮಾತಾಡಿಸುತ್ತ ಇರುವುದು, ಒಳಗಿದ್ದವರು ತಮ್ಮ ಮನೆಕಥೆಯನ್ನೆಲ್ಲ ಹೇಳಿಕೊಳ್ಳುವುದು, ಹೊರಗೆ ಬಂದ ಕೂಡಲೇ ನಾಚಿಕೊಂಡು ಗುರುತಿಲ್ಲದವರಂತೆ ಮೆಟ್ಟಿಲಿಳಿದು ಹೋಗುವುದು. ಫೋನಮ್ಮನಿಗೆ ರಾತ್ರಿ ಪಾಳಿಯಲ್ಲಿ ಬೋರ್ಡಿಗೆ ಬರುತ್ತಿದ್ದ ದನಿಗಳೆಲ್ಲ ನೆನಪಾದವು. ‘ಇವನದೂ ನನ್ನ ಥರದ್ದೇ ಕೆಲಸ’ ಅನ್ನಿಸಿತು. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.

ಇದ್ದಕ್ಕಿದ್ದಂತೆ ಹಕ್ಕಿ ಮೈ ಕೊಡವಿತು. ರೆಕ್ಕೆಯಿಂದ ಕೊಕ್ಕು ಹೊರಬಂತು. ಫೋನಮ್ಮ ಅಳಿಯನ ತೋಳನ್ನು ಗಟ್ಟಿಯಾಗಿ ಚಿವುಟಿದರು. ಅವನು ಅದಾಗಲೇ ನೋಡುತ್ತಿದ್ದ. ದಿಬ್ಬ ಇಳಿದು ಅದು ನೀರು ಕದಡುತ್ತ ಅವರತ್ತಲೇ ಬಂತು. ಅಳಿಯ ಕೊರಳಿನ ದುರ್ಬೀನು ಬಿಚ್ಚಿ ಅತ್ತೆಯ ಕೈಗಿಟ್ಟ. ಅದರಲ್ಲಿ ಹಕ್ಕಿಯ ಕೆಂಪು ಕಣ್ಣು, ಕತ್ತಿನ ಬುಡದ ನಸುಹಳದಿ ಎಲ್ಲವೂ ಕಂಡವು. ಹೊತ್ತು ಇಳಿಯುವ ತನಕ ಇಬ್ಬರೂ ಅಲ್ಲಿಂದ ಕದಲಲಿಲ್ಲ.

ಮರುದಿನ ಫೋನಮ್ಮ ಚಪ್ಪಲಿ ಅಂಗಡಿಗೆ ಹೋಗಿ ಮೊಣಕಾಲೆತ್ತರದ ರಬ್ಬರ್ ಬೂಟು ಕೇಳಿದರು.

“ತೋಟದ ಕೆಲಸಕ್ಕಾ ಅಮ್ಮಾ?” ಎಂದ ಅಂಗಡಿಯವನು.

“ಅಲ್ಲಪ್ಪ, ಅಳಿಯನ ಜೊತೆ ಕೆಸರು ತುಳಿಯೋಕೆ” ಎಂದು ಬೂಟು ಹಾಕಿಕೊಂಡೇ ಅಂಗಡಿಯ ಉದ್ದಗಲ ನಡೆದು ನೋಡಿದರು. ಹೆಬ್ಬೆರಳಿನ ಹತ್ತಿರ ಒಂಚೂರು ಬಿಗಿ ಇತ್ತು. ಒಂದು ಸೈಜು ದೊಡ್ಡದು ಕೊಡಿ ಎಂದರು.