ಸೊಸೆಯ ಗ್ಲೌಸು

ಸೊಸೆ ಕೈಗೆ ಗ್ಲೌಸು ಹಾಕಿಕೊಂಡು ಕ್ಯಾಪ್ಸೂಲ್ ತಂದಾಗ ಡ್ರೈವಿಂಗ್ ಮಾಸ್ತರು ನೀರಿನ ಲೋಟ ಮುಟ್ಟದೆ ಅವಳ ಕೈಯನ್ನೇ ನೋಡಿದರು. ಅದು ಪಾತ್ರೆ ತೊಳೆಯುವಾಗ ಹಾಕುವ ಗ್ಲೌಸಲ್ಲ, ಆಸ್ಪತ್ರೆಯವರು ಹಾಕುವ ತೆಳ್ಳನೆಯ ನೀಲಿ ಗ್ಲೌಸು. ಅವಳು ಕ್ಯಾಪ್ಸೂಲನ್ನು ಡಬ್ಬಿಯ ಮುಚ್ಚಳಕ್ಕೆ ಬೀಳಿಸಿ, ಮುಚ್ಚಳವನ್ನು ಮೇಜಿನ ಮೇಲೆ ಅವರತ್ತ ಸರಿಸಿ, ತಾನು ಹಿಂದೆ ಸರಿದು ನಿಂತಳು.

"ಇದೇನಮ್ಮ ಹೊಸದು?" ಎಂದರು ಮಾಸ್ತರು.

"ಡಬ್ಬಿ ಜೊತೆ ಬರೋ ಚೀಟೀಲಿ ಹಾಗೇ ಬರೆದಿದೆ ಮಾವ," ಎಂದಷ್ಟೇ ಹೇಳಿ ಒಳಗೆ ಹೋದಳು.

ಚೀಟಿ ಮೊದಲಿನಿಂದಲೂ ಡಬ್ಬಿಯ ಜೊತೆಗೇ ಬರುತ್ತಿತ್ತು. ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಮಾಸ್ತರ ಜೀವ ಬಾಯಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ಮನೆಯಲ್ಲೇ ದಿನಕ್ಕೊಂದು ಕ್ಯಾಪ್ಸೂಲ್ ನುಂಗಿದರಾಯಿತು ಎಂದು ಡಾಕ್ಟರು ಹೇಳಿದ ಮೇಲೆ ಅದು ಸ್ವಲ್ಪ ಕೆಳಗಿಳಿಯಿತು. ಹೆಂಡತಿ ಇಲ್ಲ. ಮಗನಿಗೆ ಕಾರ್ಖಾನೆಯ ಪಾಳಿ ಕೆಲಸ, ಮನೆಯಲ್ಲಿರುವ ಹೊತ್ತಿಗೆ ಲೆಕ್ಕವಿಲ್ಲ. ಹೀಗಾಗಿ ಔಷಧದ ಹೊಣೆ ತಾನಾಗಿಯೇ ಸೊಸೆಯ ಹೆಗಲಿಗೆ ಬಂತು. ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ಕೆಲಸ ಅವಳದು. ಹೊರಡುವ ಮೊದಲು ಕ್ಯಾಪ್ಸೂಲನ್ನು ಮಾವನ ಅಂಗೈ ಮೇಲಿಟ್ಟು, ನುಂಗುವವರೆಗೂ ನಿಂತು, "ನಾಲಿಗೆ ತೋರಿಸಿ" ಎಂದು ತಮಾಷೆ ಮಾಡಿ ಹೋಗುತ್ತಿದ್ದಳು. ಈಗ ತಮಾಷೆಯೂ ಇಲ್ಲ, ಅಂಗೈಯೂ ಬೇಡ.

ಒಂದೊಂದೇ ಅವರ ಕಣ್ಣಿಗೆ ಬೀಳತೊಡಗಿತು. ಮಾಸ್ತರ ಬಟ್ಟೆಯನ್ನು ಈಗ ಮಗನೇ ಬೇರೆಯಾಗಿ ಮೆಷಿನ್ನಿಗೆ ಹಾಕುತ್ತಿದ್ದ. ಬಚ್ಚಲುಮನೆ ತೊಳೆಯುವುದೂ ಅವನೇ. ಫೋನಿನಲ್ಲಿ ಇದನ್ನೆಲ್ಲ ಅಕ್ಕನ ಕಿವಿಗೆ ಹಾಕಿದಾಗ ಅವಳು ಸುತ್ತಿಬಳಸಿ ಮಾತಾಡಲಿಲ್ಲ. "ಅಸಹ್ಯ ಕಣೋ, ಬೇರೇನಿಲ್ಲ. ನಿನ್ನ ರೋಗ ತನಗೆ ಅಂಟುತ್ತೆ ಅಂದ್ಕೊಂಡಿದಾಳೆ," ಎಂದಳು. ಹಾಗೇನಿಲ್ಲ ಎಂದು ಮಾಸ್ತರು ವಾದಿಸಿದರೂ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಅಲ್ಲೇ ಉಳಿಯಿತು. ಆಯುಷ್ಯವೆಲ್ಲ ಗುರುತು ಪರಿಚಯವಿಲ್ಲದವರ ಪಕ್ಕ ಕೂತು, ಬೆವರಿದ ಅವರ ಕೈ ಮೇಲೆ ಕೈಯಿಟ್ಟು ಗೇರು ಹಾಕಿಸಿದ ಮನುಷ್ಯ ಅವರು. ಸ್ವಂತ ಮನೆಯಲ್ಲಿ ಈ ಗತಿ.

ಇದರ ನಡುವೆ ಕ್ಯಾಪ್ಸೂಲ್ ಗಂಟಲಲ್ಲಿ ಅಂಟಿಕೊಳ್ಳತೊಡಗಿತು. ಬಿಡಿಸಿ ಪುಡಿಯನ್ನು ಜೇನುತುಪ್ಪದಲ್ಲಿ ಕಲೆಸಿಕೊಡು ಎಂದು ಕೇಳಿದರೆ ಸೊಸೆ ಸುತರಾಂ ಒಪ್ಪಲಿಲ್ಲ. ಹಾಗೇ ನುಂಗಬೇಕು, ಬಿಡಿಸಬಾರದು, ಅಗಿಯಬಾರದು ಎಂದಳು. ಮರುದಿನ ಅವಳು ಕೆಲಸಕ್ಕೆ ಹೋದದ್ದೇ ಮಾಸ್ತರು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ತಾವೇ ಕ್ಯಾಪ್ಸೂಲ್ ಬಿಡಿಸಿದರು. ಪುಡಿ ಅರ್ಧ ಚಮಚಕ್ಕೆ ಬಿತ್ತು, ಅರ್ಧ ಕಟ್ಟೆಗೆ. ಬಿದ್ದದ್ದನ್ನು ಒಲೆ ಒರೆಸುವ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದರು. ಗೆದ್ದೆ ಅನಿಸಿತು. ಸಂಜೆ ನೋಡಿದರೆ ಮೊಳೆಯಲ್ಲಿ ಹೊಸ ಬಟ್ಟೆ. ತಾನು ಮುಟ್ಟಿದ ಬಟ್ಟೆಯನ್ನೂ ಎಸೆದಳಲ್ಲ ಎಂದು ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ.

ಆ ವಾರವೇ ರಕ್ತ ಪರೀಕ್ಷೆಯಿತ್ತು. ಔಷಧ ಕೊಡುವ ಕೋಣೆಯ ಹಿರಿಯ ನರ್ಸು ಎಂದಿನಂತೆ ಕೇಳಿದಳು: ಜ್ವರ ಬಂತಾ, ಕಾಲು ಊದಿದೆಯಾ, ಯಾವತ್ತಾದರೂ ಮರೆತು ಮರುದಿನ ಎರಡು ನುಂಗಿದ್ದುಂಟಾ. ಇಲ್ಲ, ಇಲ್ಲ ಎನ್ನುತ್ತ ಬಂದ ಮಾಸ್ತರು ಗಂಟಲಿನ ಮಾತು ಬಂದಾಗ ಜೇನುತುಪ್ಪದ ಉಪಾಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ನರ್ಸು ಬರೆಯುವುದನ್ನು ನಿಲ್ಲಿಸಿದಳು.

"ಎಲ್ಲಿ ಬಿಡಿಸಿದ್ರಿ?"

"ಅಡುಗೆಮನೇಲಿ."

"ಮನೇಲಿ ಹೆಣ್ಣುಮಕ್ಕಳು ಯಾರಿದಾರೆ? ಯಾರಾದ್ರೂ ಬಸುರಿ?"

ಇಲ್ಲ ಎನ್ನಲು ಬಾಯಿ ತೆರೆದವರಿಗೆ ಸೊಸೆಯ ನೀಲಿ ಗ್ಲೌಸು ನೆನಪಾಯಿತು. ನರ್ಸು ಬಿಡಿಸಿ ಹೇಳಿದಳು. ಈ ಔಷಧ ಹೊಟ್ಟೆಯಲ್ಲಿರುವ ಮಗುವಿಗೆ ಭಾರೀ ಅಪಾಯ, ಪುಡಿ ಚರ್ಮಕ್ಕೂ ತಾಗಬಾರದು, ಉಸಿರಿಗೂ ಹೋಗಬಾರದು, ರೋಗಿಯ ಬೆವರು, ಮೂತ್ರ ತಾಗಿದ ಬಟ್ಟೆ, ಬಚ್ಚಲನ್ನೂ ಬಸುರಿ ತೊಳೆಯಬಾರದು. ಗ್ಲೌಸು ಹಾಕಿದ್ದರೂ ಬಸುರಿಯಾದವಳು ಇದನ್ನು ಮುಟ್ಟದಿರುವುದೇ ಸರಿ. ಮೊದಲ ದಿನವೇ ಹೇಳಿದ್ದೆ ಎಂದಳು. ಹೇಳಿದ್ದಿರಬೇಕು. ಅಂದು ಅವರ ಕಿವಿಗೆ ಕ್ಯಾನ್ಸರ್ ಎಂಬುದೊಂದು ಬಿಟ್ಟು ಬೇರೇನೂ ಹೋಗಿರಲಿಲ್ಲ.

ಆಟೋದಲ್ಲಿ ಕೂತಾಗ ಎಲ್ಲ ಒಂದಕ್ಕೊಂದು ಸೇರಿಕೊಂಡಿತು. ಎರಡು ವರ್ಷದ ಹಿಂದೆ ಸೊಸೆ ಬಸುರಿಯಾದಾಗ ಸುದ್ದಿಯನ್ನು ಬೀದಿಗೆಲ್ಲ ಹಂಚಿದವರು ಇವರೇ. ಕ್ಲಚ್ಚು ಬಿಡುವುದನ್ನು ಕಲಿಯುತ್ತಿದ್ದವರಿಗೂ ತಾನು ತಾತನಾಗುತ್ತಿದ್ದೇನೆ ಎಂದಿದ್ದರು. ಆ ಬಸಿರು ನಿಲ್ಲಲಿಲ್ಲ. ಆಮೇಲೆ ಎಷ್ಟೋ ದಿನ, ಸೊಸೆ ತರಕಾರಿಗೆ ಹೊರಟರೂ ಯಾರಾದರೊಬ್ಬರು ತಡೆದು ಎಷ್ಟು ತಿಂಗಳು ಎಂದು ಕೇಳುತ್ತಿದ್ದರು, ಅವಳು ನಿಂತು ಉತ್ತರ ಹೇಳಬೇಕಾಗುತ್ತಿತ್ತು.

ಮನೆಗೆ ಬಂದಾಗ ಅವಳು ಆಗಷ್ಟೇ ಕೆಲಸದಿಂದ ಬಂದು ಕೂತಿದ್ದಳು. ಮಾಸ್ತರು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು.

"ಆ ಒರೆಸೋ ಬಟ್ಟೆ ಬರಿಗೈಲಿ ಮುಟ್ಟಿದ್ಯಾ?"

ಅವಳು ಅವರ ಮುಖ ನೋಡಿದಳು. ಬಚ್ಚಿಡಲು ಇನ್ನೇನೂ ಉಳಿದಿಲ್ಲ ಎಂದು ತಿಳಿಯಿತೇನೋ.

"ಇಲ್ಲ ಮಾವ. ಬಾಗಿಲಿಂದ್ಲೇ ಸಿಂಕಿನ ಹತ್ರ ಖಾಲಿ ಕ್ಯಾಪ್ಸೂಲ್ ಕಂಡಿತು. ಅಡುಗೆಮನೆ ಒಳಗೇ ಹೋಗ್ಲಿಲ್ಲ. ಇವರು ಬಂದು ಎಲ್ಲ ತೊಳೆದ್ರು."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿಮಗೆ ಹೇಳಿದ್ರೆ ಎಲ್ಲರಿಗೂ ಹೇಳ್ದ ಹಾಗೆ, ಮಾವ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಮಾಸ್ತರಿಗೆ ಹೆಚ್ಚು ತಾಗಿತು.

ಮರುದಿನ ಮಗ ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಅವರು ಮರಳುವವರೆಗೆ ಮಾಸ್ತರು ಟಿವಿ ಹಚ್ಚಿ, ಆರಿಸಿ, ಮತ್ತೆ ಹಚ್ಚಿ ಕೂತಿದ್ದರು. ಸ್ಕ್ಯಾನಿನಲ್ಲಿ ಎದೆಬಡಿತ ಚೆನ್ನಾಗಿದೆ, ಸದ್ಯಕ್ಕೆ ಹೆದರುವಂಥದ್ದೇನೂ ಕಾಣುತ್ತಿಲ್ಲ, ಆದರೆ ಇನ್ನು ಮೇಲೆ ಆ ಡಬ್ಬಿಯನ್ನು ಅವಳು ಮುಟ್ಟಲೇಬಾರದು ಎಂದಿದ್ದರಂತೆ. ಮಾಸ್ತರು ಡಬ್ಬಿಯನ್ನು ತಮ್ಮ ಕೋಣೆಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಮ್ಮ ಬಟ್ಟೆ ತಾವೇ ಒಗೆಯತೊಡಗಿದರು. ಅಕ್ಕ ಫೋನು ಮಾಡಿ ಸೊಸೆ ಈಗಲೂ ಗ್ಲೌಸು ಹಾಕುತ್ತಾಳಾ ಎಂದು ಕೆದಕಿದಾಗ, ಇಲ್ಲ, ಔಷಧ ನಾನೇ ತಗೊಳ್ತೀನಿ, ನಿನ್ನ ಮಂಡಿನೋವು ಹೇಗಿದೆ ಎಂದು ಮಾತು ತಿರುಗಿಸಿದರು.

ನುಂಗುವ ಉಪಾಯವನ್ನೂ ನರ್ಸು ಕಲಿಸಿದ್ದಳು. ತಲೆಯನ್ನು ಹಿಂದಕ್ಕೆ ಎತ್ತಬಾರದು, ಗದ್ದವನ್ನು ಎದೆಯತ್ತ ಬಾಗಿಸಬೇಕು, ಆಗ ಕ್ಯಾಪ್ಸೂಲ್ ನೀರಲ್ಲಿ ತೇಲಿ ಗಂಟಲಿನತ್ತ ಹೋಗುತ್ತದೆ. ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟು ಬ್ಯಾಗು ಹೆಗಲಿಗೇರಿಸಿಕೊಂಡು ಕೋಣೆಯ ಹೊಸ್ತಿಲಾಚೆ ನಿಂತಿದ್ದಳು. ಮಾಸ್ತರು ಕ್ಯಾಪ್ಸೂಲನ್ನು ನಾಲಿಗೆಯ ಮೇಲಿಟ್ಟು, ನೀರು ಬಾಯಿಗೆ ತುಂಬಿಕೊಂಡು ತಲೆ ತಗ್ಗಿಸಿದರು. ಮೊದಲ ಸಲ ಆಗಲಿಲ್ಲ. ಇನ್ನೊಂದು ಗುಟುಕು ನೀರು ತೆಗೆದುಕೊಂಡು, ಕಣ್ಣು ಮುಚ್ಚಿ, ನುಂಗಿದರು. ಹೊಸ್ತಿಲಾಚೆ ಅವಳ ಗಂಟಲೂ, ಅವರ ಜೊತೆ ತಾನೂ ನುಂಗಿದ ಹಾಗೆ, ಒಮ್ಮೆ ಏರಿ ಇಳಿಯಿತು.