ಹನಿಯಾ ಕಟ್ಟಿದ ಮೂರು ಗಂಟು

ನಮ್ಮ ಸೆಫ್ರೂ ಊರಿನಲ್ಲಿ ರವೆಯ ಮುತ್ತುಗಳನ್ನು ಹಬೆಯಲ್ಲಿಟ್ಟು ಶುಕ್ರವಾರದ ಕುಸ್ಕುಸ್ ಬೇಯಿಸುವ ಹೆಂಗಸರು ಹತ್ತು ಸಾವಿರ ಜನ ಇರಬಹುದು. ಅವರಲ್ಲಿ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಬೇಯಿಸುವುದು ಮನೆಯವರ ಹೊಟ್ಟೆ ತುಂಬಲಿ ಎಂದು. ಆ ಒಬ್ಬಳು ನಾನು, ದ್ರಿಸಿಯಾ. ನನ್ನ ಪಾತ್ರೆಯ ಹಬೆ ಬೆಟ್ಟ ಇಳಿದು ಫೆಸ್ ಪಟ್ಟಣದವರೆಗೆ ಹೋಗಿ, ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕನನ್ನು ಎಬ್ಬಿಸಿ ಕೂರಿಸಿ, ಚಮಚ ಎಲ್ಲಿ ಎಂದು ಕೇಳುವಂತೆ ಮಾಡಿತ್ತು. ನನಗೆ ವಯಸ್ಸು ಎಪ್ಪತ್ನಾಲ್ಕು. ನನ್ನ ಮೂಗಿಗೆ ಮಾತ್ರ ಇನ್ನೂ ಇಪ್ಪತ್ತು. ಸಾರಿಗೆ ಹಾಕಿದ ಕೇಸರಿ ಎಷ್ಟು ಎಸಳು ಎಂದು ಬೀದಿಯ ಆ ತುದಿಯಲ್ಲಿ ನಿಂತು ಹೇಳಬಲ್ಲೆ.

ಇಂಥ ಮೂಗು ಇಟ್ಟುಕೊಂಡೂ, ಒಂದೇ ಸೂರಿನ ಕೆಳಗಿರುವ ತಮ್ಮ ಬೂಶ್ತಾನ ವಿಷಯ ನನಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯ ರಕಿಯಾ ಬಂದು ಹೇಳಬೇಕಾಯಿತು.

"ಏನೇ ದ್ರಿಸಿಯಾ, ನಿನ್ ತಮ್ಮ ಹಾಡ್ಕೊಂಡು ಅಂಗಡೀಗೆ ಹೋಗ್ತಾನಲ್ಲೇ!"

"ಹಲ್ಲುನೋವಿರ್ಬೇಕು," ಎಂದೆ.

"ಹಲ್ಲುನೋವಿಗೆ ಯಾರಾದ್ರೂ ಹೊಸಾ ಹಳದಿ ಚಪ್ಪಲಿ ತಗೋತಾರಾ? ಆ ಅಂಗಿ ಗುಂಡಿ ಹೆಣೆಯೋ ಹನಿಯಾ ಇದಾಳಲ್ಲ, ಗಂಡ ಸತ್ತೋಳು, ಶುಕ್ರವಾರ ಶುಕ್ರವಾರ ಅವನ ಅಂಗಡೀಗೆ ಕುಸ್ಕುಸ್ ಕಳಿಸ್ತಿದಾಳಂತೆ. ಏನೋ ಹಾಕಿದಾಳೆ ಕಣೇ. ಅರವತ್ತು ದಾಟಿದ ಗಂಡಸು ಸುಮ್‌ಸುಮ್ನೆ ಹಾಡಲ್ಲ."

ಏನೋ ಎಂದರೆ ಏನು ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಕೈಮದ್ದು. ಉಣ್ಣುವ ತಟ್ಟೆಯೊಳಗೆ ಚಿಟಿಕೆಯಷ್ಟು ಬಿದ್ದರೆ ಸಾಕು, ಹುಲಿಯಂಥ ಗಂಡಸು ಬೆಕ್ಕಾಗಿ ಕಾಲು ಸುತ್ತುತ್ತಾನೆ. ನಾನು ಕಣ್ಣಾರೆ ಕಂಡ ಇಂಥ ಪ್ರಕರಣಗಳೇ ನಾನೂರಿವೆ.

ಬೂಶ್ತಾ ನಿಲುವಂಗಿ ಹೊಲಿಯುವ ದರ್ಜಿ. ಅವನ ಹೆಂಡತಿ ತೀರಿಕೊಂಡು ಆಗ ಹನ್ನೆರಡು ವರ್ಷ, ನನ್ನ ಗಂಡ ತೀರಿಕೊಂಡದ್ದು ಅದಕ್ಕೂ ಒಂದು ವರ್ಷ ಮೊದಲು. ಅಂದಿನಿಂದ ನಾವಿಬ್ಬರೂ ಒಂದೇ ಪರಾತದಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದೆವು. ಒಂದು ಕಡೆ ಅವನ ಕೈ, ಇನ್ನೊಂದು ಕಡೆ ನನ್ನ ಕೈ. ಮೂರನೆಯ ಕೈಗೆ ಅಲ್ಲಿ ಜಾಗವೇ ಇರಲಿಲ್ಲ.

ರಕಿಯಾ ಬಂದುಹೋದ ದಿನವೇ, ಸಂಜೆಯ ಚಹಾ ಹೊತ್ತಿಗೆ, ಅವನಾಗಿಯೇ ಬಾಯಿ ಬಿಟ್ಟ.

"ಅಕ್ಕಾ, ಹನಿಯಾನ ಮದ್ವೆ ಆಗೋಣ ಅಂತಿದೀನಿ. ನೀನು ಬೇಡ ಅಂದ್ರೆ ಇಲ್ಲ."

ಆಗ ನನ್ನ ಕೈಯಲ್ಲಿ ಕುಸ್ಕುಸ್ಸಿನ ಹಬೆಪಾತ್ರೆ ಇತ್ತು. ಅದು ತಾನಾಗಿಯೇ ಜಾರಿತು. ಜಾರಿ, ಬಾಗಿಲು ದಾಟಿ, ಇಪ್ಪತ್ತೆರಡು ಮೆಟ್ಟಿಲು ಉರುಳಿ ಕೆಳಗಿನ ಅಂಗಳದಲ್ಲಿ ನಿಂತಿತು. ನಾನು ಅದನ್ನು ತಂದು ಒರೆಸಿ ಗೂಡಿನಲ್ಲಿಟ್ಟೆ. ಮೂರು ಶುಕ್ರವಾರ ಒಲೆ ಹಚ್ಚಲಿಲ್ಲ. ನಾಲ್ಕನೆಯ ವಾರ ಅವನನ್ನು ಕರೆದು ಹೇಳಿದೆ:

"ಅವಳು ಇಲ್ಲಿಗೆ ಬರ್ಲಿ. ನನ್ನ ಅಡುಗೆಮನೇಲಿ, ನನ್ನ ಪಾತ್ರೇಲಿ, ನನ್ನ ಕಣ್ಣೆದುರಿಗೆ ಕುಸ್ಕುಸ್ ಮಾಡ್ಲಿ. ಮಸೀದಿಯಿಂದ ನೀನು ಬರೋ ಹೊತ್ಗೆ ಕಾಳು ಕಾಳಾಗಿ ಉದುರ್ಬೇಕು. ಉದುರಿದ್ರೆ ನಾನು ಹೂಂ ಅಂತೀನಿ. ಹಸಿ ಇದ್ರೆ, ಅಥವಾ ಮುದ್ದೆ ಆದ್ರೆ, ಈ ಮಾತು ಈ ಮನೇಲಿ ಇನ್ನೊಂದ್ಸಲ ಏಳ್ಬಾರ್ದು."

"ಅಷ್ಟೇನಾ?" ಎಂದು ನಕ್ಕ. ಆ ನಗುವಿನಲ್ಲಿಯೇ ಮದ್ದು ಎದ್ದು ಕಾಣುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದಳು ಹನಿಯಾ. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ನಿಲುವಂಗಿಗೆ ರೇಷ್ಮೆ ದಾರದ ಗುಂಡಿ ಹೆಣೆದು ಹೆಣೆದು ಬೆರಳ ತುದಿಗಳು ನುಣ್ಣಗೆ ಸವೆದಿದ್ದವು. ಸಲಾಂ ಎಂದಳು, ಮಗ್ಗುಲಿಗೆ ಬುಟ್ಟಿ ಇಟ್ಟಳು, ಮತ್ತೆ ಮಾತಿಲ್ಲ. ಮಾತಾಡದ ಹೆಂಗಸನ್ನು ನಾನು ನಂಬುವುದಿಲ್ಲ. ಒಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಬುಟ್ಟಿಯನ್ನು ನಾನೇ ಖಾಲಿ ಮಾಡಿದೆ. ಗಜ್ಜರಿ, ಬಿಳಿ ಟರ್ನಿಪ್, ಎಲೆಕೋಸು, ಎಳೆ ಸೋರೆ, ಕುಂಬಳಕಾಯಿ ಹೋಳು, ನೆನೆಸಿದ ಕಡಲೆ, ಕೊತ್ತಂಬರಿ ಕಟ್ಟು. ಎಲೆಕೋಸಿನ ಪದರ ಪದರ ಬಿಡಿಸಿ ನೋಡಿದೆ. ಕುಂಬಳಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕಡಲೆಯನ್ನು ಒಂದೊಂದಾಗಿ ಮೂಸಿದೆ.

"ಏನಾದ್ರೂ ಕಳ್ಕೊಂಡ್ರಾ, ಲಲ್ಲಾ?" ಎಂದಳು. ಲಲ್ಲಾ ಎನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು. ಅವಳು ಅಂದಾಗ ಅದೂ ನನಗೆ ಮರ್ಯಾದೆಯಾಗಿ ಕೇಳಿಸಲಿಲ್ಲ.

"ಹುಳ ಇದೆಯಾ ಅಂತ ನೋಡ್ತಿದೀನಿ. ತೋಳು ಮೇಲೆ ಮಾಡು. ಕೈ ತೊಳ್ಕೋ. ಇನ್ನೊಂದ್ಸಲ ತೊಳ್ಕೋ. ಉಗುರು ತೋರ್ಸು."

ತೋರಿಸಿದಳು. ಉಗುರಿನಲ್ಲಿ ಏನೂ ಇರಲಿಲ್ಲ. ಎಂಥ ಎಚ್ಚರಿಕೆಯ ಹೆಂಗಸು!

ಹಬೆಪಾತ್ರೆ ಕೊಟ್ಟೆ. ಕೆಳಗಿನದು ಮಾಂಸದ ಸಾರಿಗೆ, ಅದರ ಬಾಯಿಗೆ ಕೂರುವ ತಳ ತೂತಿನದು ಕುಸ್ಕುಸ್ಸಿಗೆ. ಅವಳು ಕೆಳಪಾತ್ರೆಯ ಅಂಚಿನ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬಂದಳು. ಮೂರು ಕಡೆ ಬೆರಳು ನಿಂತಿತು.

"ಏನು ನೋಡ್ತೀಯ? ನಮ್ಮಜ್ಜಿ ಪಾತ್ರೆ ಅದು. ಸುಲ್ತಾನರ ಪಂಕ್ತಿಗೆ ಬೇಯ್ಸಿದ್ದು. ಅಂಥದ್ದು ದೇಶದಲ್ಲೇ ಇನ್ನೊಂದಿಲ್ಲ."

"ಒಳ್ಳೇ ಪಾತ್ರೆ, ಲಲ್ಲಾ," ಎಂದು ಈರುಳ್ಳಿ ಎತ್ತಿಕೊಂಡಳು.

ಈರುಳ್ಳಿ, ಒಣಶುಂಠಿ, ಮೆಣಸು, ಅರಿಸಿನ, ಕೇಸರಿ ಹಾಕಿ ಕುರಿಯ ಮಾಂಸ ಬಾಡಿಸಿದಳು. ನಾನು ಪ್ರತಿಯೊಂದು ಡಬ್ಬಿಯಿಂದ ಮೊದಲು ನನ್ನ ನಾಲಿಗೆಗೆ ಹಾಕಿಕೊಂಡೆ. ಮೆಣಸಿನ ಡಬ್ಬಿಯ ಹೊತ್ತಿಗೆ ಕಣ್ಣಲ್ಲಿ ನೀರು ಬಂತು, ಕಾವಲು ಬಿಡಲಿಲ್ಲ. ನೀರು ಸುರಿದು, ಕಡಲೆ ಹಾಕಿ, ಉರಿ ಹೆಚ್ಚಿಸಿದಳು. ಆಮೇಲೆ ಪರಾತದಲ್ಲಿ ರವೆ ಹರಡಿ, ನೀರು ಚಿಮುಕಿಸಿ, ಹಿಟ್ಟು ಉದುರಿಸಿ, ಅಂಗೈ ಆಡಿಸತೊಡಗಿದಳು. ಆ ಅಂಗೈ ಸುತ್ತು ಸುತ್ತು ತಿರುಗಿದ ಹಾಗೆ ರವೆ ಸಣ್ಣ ಸಣ್ಣ ಮುತ್ತಾಗಿ ಕೂಡಿಕೊಳ್ಳುತ್ತಿತ್ತು. ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ನನ್ನ ಕೈ ಹೀಗಿತ್ತು. ಅಂದರೆ ಊರಿಗೆ ಎರಡನೆಯದು ಎನ್ನಬಹುದು.

ಮೊದಲ ಹಬೆಗೆ ಏರಿಸುವ ಮುಂಚೆ ನಡೆಯಿತು ನೋಡಿ ಅದು. ಎರಡು ಪಾತ್ರೆ ಸೇರುವ ಕಡೆ ಹಬೆ ಸೋರಬಾರದೆಂದು ಹಿಟ್ಟಿನ ಗಂಜಿಯಲ್ಲಿ ಅದ್ದಿದ ಬಟ್ಟೆಪಟ್ಟಿ ಕಟ್ಟುತ್ತೇವಲ್ಲ, ಆ ಪಟ್ಟಿಯನ್ನು ಅವಳು ನನ್ನಿಂದ ಕೇಳಲಿಲ್ಲ. ತನ್ನ ನಡುವಿನ ಗಂಟಿನಿಂದ ಒಂದು ನೀಲಿ ಪಟ್ಟಿ ತೆಗೆದಳು. ಬೆಳಕಿನ ಕಡೆ ತಿರುಗುವ ನೆಪದಲ್ಲಿ ನನಗೆ ಬೆನ್ನು ಹಾಕಿದಳು. ಅದಕ್ಕೊಂದು ಗಂಟು ಹಾಕಿ, ತುಟಿ ಅಲ್ಲಾಡಿಸಿ, ಉಫ್ ಎಂದು ಊದಿದಳು. ಮತ್ತೊಂದು ಗಂಟು, ಮತ್ತೆ ತುಟಿ, ಮತ್ತೆ ಉಫ್. ಮೂರನೆಯದು.

ಗಂಟಿಗೆ ಊದುವ ಹೆಂಗಸರ ಕೇಡಿನಿಂದ ಕಾಪಾಡು ಎಂದು ದಿನವೂ ಪ್ರಾರ್ಥನೆಯಲ್ಲಿ ಬೇಡಿಕೊಳ್ಳುವವರು ನಾವು. ಅರವತ್ತೆಂಟು ವರ್ಷ ಬೇಡಿಕೊಂಡಿದ್ದೆ. ಆ ಹೆಂಗಸು ನನ್ನ ಅಡುಗೆಮನೆಯ ಮಣೆಯ ಮೇಲೆಯೇ ಕೂತಿದ್ದಳು! ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಗೋಡೆಯ ಆಚೆ ರಕಿಯಾಗೆ ಕೇಳಿಸಿ, ಬಾಗಿಲಿಗೆ ಯಾರು ಬಂದರು ಎಂದು ಕೂಗಿದಳು.

ಆಗಲೇ ಹಿಡಿಯಬಹುದಿತ್ತು. ಆದರೆ ಬರೀ ಬಟ್ಟೆ ತೋರಿಸಿದರೆ ಬೂಶ್ತಾ ನಂಬುವವನಲ್ಲ. ಕಾದೆ. ಮೊದಲ ಹಬೆ ಗೋಪುರದಂತೆ ನೆಟ್ಟಗೆ ಮೇಲೆದ್ದಿತು. ಅಕ್ಕಪಕ್ಕಕ್ಕೆ ಒಂದು ಎಳೆಯೂ ಹೋಗಲಿಲ್ಲ. ಕುಸ್ಕುಸ್ಸನ್ನು ಪರಾತಕ್ಕೆ ಸುರಿದು, ಎಣ್ಣೆ ಉಪ್ಪುನೀರು ಹಾಕಿ, ಬಿಸಿಯನ್ನೂ ಲೆಕ್ಕಿಸದೆ ಬೆರಳಿಂದ ಬಿಡಿಸಿದಳು. ಗಜ್ಜರಿ, ಟರ್ನಿಪ್, ಎಲೆಕೋಸು ಸಾರಿಗೆ ಬಿದ್ದವು. ಎರಡನೆಯ ಹಬೆಗೆ ಏರಿಸಿ ಅದೇ ಪಟ್ಟಿ ಕಟ್ಟುವಾಗ ಮಸೀದಿಯ ಕರೆ ಕೇಳಿತು.

"ಮೇಲೆ ಹೋಗಿ ನಮಾಜ್ ಮುಗಿಸ್ಕೊಂಡ್ ಬರ್ತೀನಿ, ಲಲ್ಲಾ. ನೀವು?"

"ನೀನ್ ಮೊದ್ಲು ಹೋಗು. ಪಾತ್ರೆ ನಾನು ನೋಡ್ಕೋತೀನಿ."

ಅವಳು ದೇವರ ಕಡೆ ಹೋದಳು, ನಾನು ಪಾತ್ರೆಯ ಕಡೆ ಹೋದೆ. ಚಾಕುವಿನಿಂದ ಪಟ್ಟಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಧೂಪದ ಕೆಂಡಕ್ಕೆ ಹಾಕಿ, ಮಾಟ ಮಾಡಿದವರ ಮುಖ ಕಾಣಿಸಲಿ ಎಂದು ಮೇಲೆ ಒಂದು ಹಿಡಿ ಪಟಿಕ ಸುರಿದೆ. ಪಟಿಕ ಉಬ್ಬಿ ಕಣ್ಣಿನ ಆಕಾರಕ್ಕೆ ತಿರುಗಿತು. ಎರಡು ಕಣ್ಣು, ಒಂದು ಮೂಗು, ಹನಿಯಾಳದೇ ಮುಖ! ನನ್ನ ಸ್ವಂತ ಪಟ್ಟಿಯನ್ನು ಗಂಜಿಯಲ್ಲಿ ಅದ್ದಿ ಬಿಗಿಯಾಗಿ ಸುತ್ತಿದೆ. ನಾನು ಸುತ್ತಿದ ಪಟ್ಟಿಯೊಳಗಿಂದ ಸೊಳ್ಳೆಯ ಉಸಿರೂ ಹೊರಗೆ ಬರುವುದಿಲ್ಲ.

ಬಂತು. ಸುಂಯ್ ಎಂದು ಒಂದು ಕಡೆ. ಅಲ್ಲಿ ಒತ್ತಿ ಹಿಡಿದರೆ ಇನ್ನೊಂದು ಕಡೆ. ಆಮೇಲೆ ಮೂರನೆಯ ಕಡೆ. ಮೇಲಿನ ಹಬೆ ಕುಗ್ಗಿ ಕುಗ್ಗಿ ನಿಂತೇಹೋಯಿತು. ಹಿಟ್ಟು ಮೆತ್ತಿದೆ, ಕಿತ್ತುಬಂತು. ತಲೆವಸ್ತ್ರದ ತುದಿಯಿಂದ ಒತ್ತಿದೆ, ಅಂಗೈ ಬೆಂದಿತು. ನಲವತ್ತು ಕೈಯಿದ್ದರೂ ಸಾಲದಾಗಿತ್ತು. ನಾನು ಹೀಗೆ ಪಾತ್ರೆಯನ್ನು ತಬ್ಬಿಕೊಂಡು ನಿಂತಿರುವಾಗ ಹನಿಯಾ ಬಾಗಿಲಲ್ಲಿ ನಿಂತಿದ್ದಳು.

"ನನ್ ಪಟ್ಟಿ ಎಲ್ಲಿ, ಲಲ್ಲಾ?"

"ಯಾವ ಪಟ್ಟಿ?"

"ಸುಟ್ಟ ಬಟ್ಟೆ ವಾಸ್ನೆ ಬರ್ತಿದೆ."

"ಧೂಪ ಹಾಕ್ದೆ. ಶುಕ್ರವಾರ ಅಲ್ವಾ?"

"ಧೂಪದಲ್ಲಿ ನೀಲಿ ಅಂಚು ಕಾಣ್ತಿದೆ."

ಇನ್ನು ಮುಚ್ಚಿಡುವುದೇನು? "ಏನ್ ಓದಿ ಊದ್ದೆ ಹೇಳು! ಮೂರ್ ಮೂರು ಗಂಟು! ಒಂದು ನನ್ ತಮ್ಮಂಗೆ, ಒಂದು ನಂಗೆ, ಇನ್ನೊಂದು ಯಾರಿಗೆ? ಈ ಮನೆ ಗೋಡೆಗಾ?"

ಅವಳು ಒಲೆ ಆರಿಸಿ, ಮೇಲಿನ ಪಾತ್ರೆ ಕೆಳಗಿಟ್ಟು, ಒದ್ದೆ ಬಟ್ಟೆಯಿಂದ ಅಂಚನ್ನು ತಣಿಸಿ, ನನ್ನ ತೋರುಬೆರಳು ಹಿಡಿದು ಅದರ ಮೇಲೆ ಆಡಿಸಿದಳು.

"ಇಲ್ಲೊಂದು ನೆಗ್ಗು. ಇಲ್ಲೊಂದು. ಇಲ್ಲೊಂದು. ಪಾತ್ರೆ ಎಲ್ಲೋ ಬಿದ್ದಿದೆ. ಹಬೆ ಸೋರ್ಬಾರ್ದು ಅಂದ್ರೆ ಗಂಟು ಸರಿಯಾಗಿ ನೆಗ್ಗಿಗೇ ಕೂರ್ಬೇಕಲ್ಲ, ಅದ್ಕೆ ಬೆರಳಲ್ಲಿ ಅಳೆದು ಬಾಯಲ್ಲಿ ಎಣಿಸ್ಕೊಂಡು ಕಟ್ದೆ."

"ಊದಿದ್ದು?"

"ನೂಲಿನ ಜುಂಗು ಹಾರ್ಲಿ ಅಂತ. ಗುಂಡಿ ಹೆಣೆಯೋರು ಪ್ರತಿ ಗಂಟಿಗೂ ಊದ್ತೀವಿ. ದಿನಕ್ಕೆ ಎಂಟ್ನೂರು ಸಲ."

"ಮೊದ್ಲೇ ಬಾಯ್ಬಿಡೋಕೆ ಏನಾಗಿತ್ತು ನಿಂಗೆ?"

"ಸುಲ್ತಾನರ ಪಾತ್ರೆ ನೆಗ್ಗಿದೆ ಅಂತ ಹೇಗ್ ಹೇಳ್ಲಿ, ಲಲ್ಲಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೊಸ ಚಪ್ಪಲಿ ಸದ್ದಾಯಿತು. ಬೂಶ್ತಾ ಆ ದಿನ ಮಸೀದಿಯಿಂದ ನಡೆದು ಬಂದನೋ ಹಾರಿ ಬಂದನೋ. "ಅಕ್ಕಾ, ಆಯ್ತಾ?" ಎನ್ನುತ್ತ ಒಳಗೆ ಬಂದವನೇ ಪಾತ್ರೆಗೆ ಕೈ ಹಾಕಿ ಚಿಟಿಕೆ ಬಾಯಿಗೆ ಹಾಕಿಕೊಂಡ. ಹಲ್ಲಿನ ನಡುವೆ ಕರಕರ ಎಂದದ್ದು ನನಗೂ ಕೇಳಿಸಿತು.

"ಹಸಿ ಇದೆ," ಎಂದ. ಮುಖದ ಬೆಳಕು ಯಾರೋ ಊದಿ ಆರಿಸಿದ ಹಾಗೆ ಹೋಯಿತು. ಹನಿಯಾಳನ್ನು ನೋಡಿದ, ನನ್ನನ್ನು ನೋಡಿದ. ಕೊಟ್ಟ ಮಾತು ಅವನಿಗೆ ನೆನಪಿತ್ತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪರಾತದಲ್ಲಿ ಮತ್ತೆ ಎರಡೇ ಕೈ. ಅವಳು ನನ್ನ ಮೇಲೆ ದೂರು ಹೇಳುತ್ತಾಳೆ ಎಂದು ಕಾದೆ. ಹೇಳಿದರೆ ಕೊಡಲು ನನ್ನಲ್ಲಿ ಹನ್ನೊಂದು ಉತ್ತರ ಸಿದ್ಧವಿದ್ದವು. ಹೇಳಲಿಲ್ಲ ಆ ಹೆಂಗಸು. ಕೈ ಒರೆಸಿಕೊಂಡು, ಖಾಲಿ ಬುಟ್ಟಿ ತೆಗೆದುಕೊಂಡು, ತಲೆವಸ್ತ್ರ ಸರಿಮಾಡಿಕೊಳ್ಳತೊಡಗಿದಳು. ಬೆಳಿಗ್ಗೆಯಿಂದ ಒಮ್ಮೆಯೂ ತಪ್ಪದ ಬೆರಳುಗಳಿಗೆ ಆ ವಸ್ತ್ರದ ತುದಿ ಮೂರು ಸಲ ಸಿಗದೆ ಜಾರಿತು.

ಒಂದು ಮಾತೂ ಆಡದವಳಿಗೆ ಏನೆಂದು ಉತ್ತರ ಕೊಡುವುದು?

"ಪಟ್ಟಿ ಸುಟ್ಟೋಳು ನಾನು," ಎಂದೆ.

"ಏನಂದೆ?"

"ಕಿವಿಗೆ ಏನಾಗಿದೆ ನಿಂಗೆ? ನಾನು! ಅವಳು ಸರಿಯಾಗೇ ಕಟ್ಟಿದ್ಲು. ನಾನು ಕತ್ತರಿಸಿ ಕೆಂಡಕ್ಕೆ ಹಾಕ್ದೆ. ಪಾತ್ರೆ ನೆಗ್ಗಿಸ್ದೋಳೂ ನಾನೇ."

"ಕೈ ಜಾರ್ತು ಅಂದಿದ್ದೆ?"

"ಎಸ್ದೆ. ಇಪ್ಪತ್ತೆರಡು ಮೆಟ್ಲು. ಈ ಊರಲ್ಲಿ ಯಾವ ಗಂಡ್ಸೂ ಅಷ್ಟು ದೂರ ಎಸ್ದಿಲ್ಲ, ಬೇಕಾದ್ರೆ ವಿಚಾರ್ಸು."

ಬೂಶ್ತಾ ಗೋಡೆಗೆ ಒರಗಿ ಕೂತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ, ಭುಜ ಮಾತ್ರ ಅಲ್ಲಾಡುತ್ತಿತ್ತು. ತಪ್ಪೊಪ್ಪಿಗೆಯಲ್ಲಿಯೂ ನನ್ನ ಸಮ ಯಾರೂ ಇಲ್ಲ; ಇಡೀ ಆಯುಷ್ಯದ್ದು ಒಂದೇ ನಿಮಿಷದಲ್ಲಿ ಮುಗಿಸಿದ್ದೆ.

ಹನಿಯಾ ಬುಟ್ಟಿ ಕೆಳಗಿಟ್ಟಳು. "ಇನ್ನೊಂದು ಬಟ್ಟೆ ಇದ್ರೆ ಕೊಡಿ, ಲಲ್ಲಾ. ಎರಡನೇ ಹಬೆ ಇನ್ನೊಂದ್ಸಲ ಕೊಟ್ರಾಯ್ತು. ಕೆಟ್ಟಿಲ್ಲ."

ನನ್ನ ಒಳ್ಳೆಯ ದಿಂಬಿನ ಹೊದಿಕೆ ಹರಿದು ಕೊಟ್ಟೆ. ಅವಳು ಗಂಟು ಹಾಕಿದಳು. ಮೂರು ಗಂಟಿಗೂ ನಾನೇ ಊದಿದೆ, ಯಾವುದಕ್ಕೂ ಇರಲಿ ಎಂದು. ಹಬೆ ಮತ್ತೆ ನೆಟ್ಟಗೆ ನಿಂತಿತು. ಮೂರನೆಯ ಹಬೆಗೆ ಸೋರೆ, ಕುಂಬಳ ಸಾರಿಗೆ ಹೋದವು. ಕೊನೆಗೆ ಹಳೆಯ ಉಪ್ಪುಬೆಣ್ಣೆ ಸವರಿ, ಪರಾತದಲ್ಲಿ ಗುಡ್ಡ ಮಾಡಿ, ನಡುವೆ ಮಾಂಸ, ಮೇಲೆ ತರಕಾರಿ ಒರಗಿಸಿ, ಸಾರು ಹನಿಸಿ ಇಡುವಾಗ ನಾಲ್ಕು ಗಂಟೆ. ಪಕ್ಕದಲ್ಲಿ ಮಜ್ಜಿಗೆ. ಕಾಳು ಕಾಳಾಗಿ ಉದುರುತ್ತಿತ್ತು. ಎಷ್ಟು ಉದುರುತ್ತಿತ್ತೆಂದರೆ ಊದಿದ್ದರೆ ಫೆಸ್‌ಗೆ ಹಾರಿಹೋಗುತ್ತಿತ್ತು.

ಮೂವರೂ ಕೂತೆವು. ಒಂದೆರಡು ತುತ್ತಿನ ನಂತರ ಹನಿಯಾ ಮೆತ್ತಗಿನ ಮಾಂಸದ ತುಂಡೊಂದನ್ನು ಬಿಡಿಸಿ ನನ್ನ ಕಡೆ ಸರಿಸಿದಳು. ಎಲ್ಲಕ್ಕಿಂತ ಒಳ್ಳೆಯ ತುಂಡು. ಬೂಶ್ತಾನ ಕಡೆಗಲ್ಲ, ನನ್ನ ಕಡೆಗೆ.

"ನಂಗ್ಯಾಕೆ?" ಎಂದೆ.

"ನಿಮ್ ಅಂಗೈ ಸುಟ್ಟಿದೆಯಲ್ಲ. ಬಿಡಿಸ್ಕೊಳ್ಳೋಕೆ ಕಷ್ಟ."

ಮೂಸಿದೆ. ಶುಂಠಿ, ಕೇಸರಿ, ಬೆಣ್ಣೆ. ತಿಂದೆ.

"ಅಕ್ಕಾ, ಹೂಂ ಅಂದ ಹಾಗಾಯ್ತಾ?" ಬೂಶ್ತಾ ಕೇಳಿದ.

"ಮದ್ವೆ ಆಗು. ಆದ್ರೆ ಇವಳು ಈ ಮನೇಲೇ ಇರ್ಬೇಕು. ಬೇರೆ ಮನೆ ಮಾಡಿದ್ರೆ ಅಲ್ಲಿ ಏನೇನ್ ಹಾಕ್ತಾಳೆ ಅಂತ ನಾನ್ ಹೇಗ್ ನೋಡ್ಲಿ?"

ಹನಿಯಾ ಆಗ ಮೊದಲ ಸಲ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ಮಜ್ಜಿಗೆ ಮೂಗಿಗೆ ಏರುವ ಹಾಗೆ.

ಇದಾಗಿ ಆರು ವರ್ಷ. ಪ್ರತಿ ಶುಕ್ರವಾರ ಅವಳ ಪಕ್ಕದಲ್ಲಿಯೇ ಮಣೆ ಹಾಕಿಕೊಂಡು ಕೂರುತ್ತೇನೆ. ಕಣ್ಣು ಮಿಟುಕಿಸುವುದಿಲ್ಲ. ಅವಳು ಗಜ್ಜರಿ ಹೆಚ್ಚುತ್ತಾಳೆ, ನಾನು ಕಾವಲು ಕಾಯುತ್ತೇನೆ, ಊರಿನ ಸುದ್ದಿ ಅವಳಿಗೆ ನಾನು ಹೇಳುತ್ತೇನೆ. ಅವಳು ಎರಡು ದಿನ ತಂಗಿಯ ಮನೆಗೆ ಹೋದರೆ ನನಗೆ ಊಟ ಸೇರುವುದಿಲ್ಲ. ಇಷ್ಟು ವರ್ಷ ಹುಡುಕಿದರೂ ಅವಳ ಕೈಯಲ್ಲಿ ಏನೂ ಸಿಕ್ಕಿಲ್ಲ. ನನ್ನಂಥವಳ ಕಣ್ಣಿಗೇ ಬೀಳದ ಹಾಗೆ ಹಾಕುತ್ತಾಳೆಂದರೆ, ಅದು ಎಂಥ ಮದ್ದಿರಬೇಕು!